ಕಿಂಡಿ ಅಣೆಕಟ್ಟಿಗೆ ಹಣ ಎಲ್ಲಿಂದ ಬರುತ್ತದೆ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನೀರಿನ ಲೆಕ್ಕ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಅಂದರೆ ಬಿದ್ದ ನೀರೆಲ್ಲ ಹರಿಯದೆ ನಿಂತರೆ ಆಳೆತ್ತರದ ಎರಡು ಪಟ್ಟು ನೀರು. ಹೀಗಿರುವಾಗ “ನಿಮ್ಮಲ್ಲಿ ನೀರಿಗೆ ಬರವೇ?” ಎಂದು ಬಯಲುಸೀಮೆಯವರು ಕೇಳಿದರೆ ತಪ್ಪೇನಿಲ್ಲ. ಆದರೆ 2019ರ ಮೇ ತಿಂಗಳಲ್ಲಿ ನೇತ್ರಾವತಿ ಎಷ್ಟು ಬತ್ತಿತ್ತೆಂದರೆ, ಯಾತ್ರೆಯನ್ನು ಸ್ವಲ್ಪ ದಿನ ಮುಂದೂಡಿ ಎಂದು ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರೇ ಭಕ್ತರಲ್ಲಿ ಮನವಿ ಮಾಡಬೇಕಾಯಿತು. ಅದೇ ಬೇಸಿಗೆಯಲ್ಲಿ ಮಂಗಳೂರು ನಗರಕ್ಕೆ ಸರದಿಯಂತೆ ನೀರು ಬಿಡಲಾಯಿತು.

ಕಾರಣ ಸರಳ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಘಟ್ಟದಿಂದ ಕಡಲಿಗೆ ದೂರ ಕಡಿಮೆ, ಇಳಿಜಾರು ಹೆಚ್ಚು. ನೀರು ನಮ್ಮ ಅಂಗಳ ದಾಟಿ ಅರಬ್ಬಿ ಸಮುದ್ರ ಸೇರಲು ಹೆಚ್ಚು ಸಮಯ ಬೇಕಿಲ್ಲ. ಹಾಗಾಗಿ ಇಲ್ಲಿನ ಸಮಸ್ಯೆ ನೀರು ಬರುವುದರಲ್ಲಿ ಅಲ್ಲ, ಅದನ್ನು ಹಿಡಿದಿಡುವುದರಲ್ಲಿ ಇದೆ. ಹಿಡಿದಿಡಲು ಹಣ ಬೇಕು. ಆ ಹಣ ಯಾರದ್ದು, ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

“ನೀರಿನ ಬ್ಯಾಂಕ್” ಅಂದರೇನು?

ಹೆಚ್ಚು ನೀರಿರುವ ಕಾಲದಲ್ಲಿ ನೆಲದೊಳಗೆ ಇಂಗಿಸಿ ಅಥವಾ ಜಲಾಶಯದಲ್ಲಿ ನಿಲ್ಲಿಸಿ, ಕೊರತೆಯ ಕಾಲದಲ್ಲಿ ತೆಗೆದು ಬಳಸುವುದನ್ನು ನೀರಿನ ಬ್ಯಾಂಕಿಂಗ್ ಎನ್ನುತ್ತಾರೆ. ಹೆಸರು ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿದೆ. ಅರಿಜೋನಾ ರಾಜ್ಯ 1996ರಲ್ಲಿ ಇದಕ್ಕಾಗಿಯೇ ಒಂದು ಪ್ರಾಧಿಕಾರ ಕಟ್ಟಿತು. ಕೊಲರಾಡೊ ನದಿಯಲ್ಲಿ ತನ್ನ ಪಾಲಿಗೆ ಬಂದು ಬಳಕೆಯಾಗದೆ ಉಳಿದ ನೀರನ್ನು ಅದು ಭೂಮಿಯೊಳಗೆ ತುಂಬಿಸಿತು. ಅದಕ್ಕೆ ಹಣ ಬಂದದ್ದು ಮುಖ್ಯವಾಗಿ ಮೂರು ಕಡೆಯಿಂದ: ಕಾಲುವೆಯ ಪ್ರಯೋಜನ ಪಡೆಯುವ ಪ್ರದೇಶದ ಆಸ್ತಿ ತೆರಿಗೆ, ಅಂತರ್ಜಲ ಎತ್ತುವವರಿಂದ ಪಡೆಯುವ ಶುಲ್ಕ ಮತ್ತು ರಾಜ್ಯದ ಸಾಮಾನ್ಯ ಖಜಾನೆ. ಕ್ಯಾಲಿಫೋರ್ನಿಯಾದ ಜನರು 2014ರಲ್ಲಿ ಮತ ಹಾಕಿ ಒಂದು ಬಾಂಡ್ ಸಾಲಕ್ಕೆ ಒಪ್ಪಿಗೆ ಕೊಟ್ಟರು. ಅದರಲ್ಲಿ 270 ಕೋಟಿ ಡಾಲರ್ ನೀರಿನ ಸಂಗ್ರಹಕ್ಕೇ ಮೀಸಲು.

ನಮ್ಮಲ್ಲಿ ಹೆಸರು ಹೊಸದಾದರೂ ಕೆಲಸ ಹಳೆಯದು. ತೋಡಿಗೆ ಅಡ್ಡ ಕಟ್ಟುವ ಕಟ್ಟ, ಗುಡ್ಡದ ಮೇಲಿನ ಮದಕ, ಊರ ಕೆರೆ, ಮನೆಯ ಬಾವಿ, ಗುಡ್ಡ ಕೊರೆದ ಸುರಂಗ, ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಕ್ಯಾಲಿಫೋರ್ನಿಯಾ, ಅರಿಜೋನಾಗಳ ಕಣಿವೆಯ ಮರಳು ಮಣ್ಣಿನ ಪದರದಲ್ಲಿ ಇಂಗಿದ ನೀರು ವರ್ಷಗಟ್ಟಲೆ ಉಳಿಯಬಹುದು. ನಮ್ಮದು ಮುರಕಲ್ಲಿನ ನೆಲ. ನೀರು ಬೇಗ ಇಳಿಯುತ್ತದೆ, ಆದರೆ ಇಳಿಜಾರಿನಲ್ಲಿ ಅಡ್ಡಡ್ಡ ಹರಿದು ಬೇಗ ಹೊರಗೂ ಬರುತ್ತದೆ. ಹಾಗಾಗಿ ನಮ್ಮದು ದೀರ್ಘಾವಧಿ ಠೇವಣಿ ಅಲ್ಲ, ಐದಾರು ತಿಂಗಳ ಉಳಿತಾಯ ಖಾತೆ. ಮಳೆಗಾಲದಲ್ಲಿ ಜಮಾ, ಬೇಸಿಗೆಯಲ್ಲಿ ಖರ್ಚು. ಪ್ರತಿ ವರ್ಷ ಹೊಸದಾಗಿ ತುಂಬಿಸಲೇಬೇಕು. ಹಣದ ಪ್ರಶ್ನೆಗೆ ಇದು ತುಂಬ ಮುಖ್ಯವಾದ ಸಂಗತಿ. ಏಕೆಂದು ಮುಂದೆ ಗೊತ್ತಾಗುತ್ತದೆ.

ಕಿಂಡಿ ಅಣೆಕಟ್ಟಿನಲ್ಲಿ ಎಷ್ಟು ನೀರು ನಿಲ್ಲುತ್ತದೆ?

ಒಂದು ಉದಾಹರಣೆಯ ಲೆಕ್ಕ ಮಾಡೋಣ. 20 ಮೀಟರ್ ಅಗಲದ ಒಂದು ಹೊಳೆ. ಅಣೆಕಟ್ಟಿನ ಬಳಿ ನೀರು 2 ಮೀಟರ್ ಎತ್ತರ ನಿಂತು, ಹಿಂದಕ್ಕೆ 500 ಮೀಟರ್‌ವರೆಗೆ ಕಡಿಮೆಯಾಗುತ್ತಾ ಹೋಗುತ್ತದೆ ಎಂದುಕೊಳ್ಳಿ. 20 ಗುಣಿಸು 2 ಗುಣಿಸು 500, ಅದರ ಅರ್ಧ: 10,000 ಘನ ಮೀಟರ್. ಅಂದರೆ 1 ಕೋಟಿ ಲೀಟರ್. ಕಣ್ಣಿಗೆ ಕಾಣುವ ಈ ನೀರಿನ ಜೊತೆಗೆ ಎರಡೂ ದಡದ ಮಣ್ಣಿಗೆ ಇಳಿದು ಸುತ್ತಲಿನ ಬಾವಿಗಳನ್ನು ಎತ್ತಿ ಹಿಡಿಯುವ ನೀರು ಬೇರೆ.

ಈಗ ಮನೆಯ ಲೆಕ್ಕ. 100 ಚದರ ಮೀಟರ್ ಮಾಡಿನ ಮೇಲೆ 4 ಮೀಟರ್ ಮಳೆ ಬಿದ್ದು ಅದರ ಶೇ 80ರಷ್ಟು ಸಿಕ್ಕರೂ 3,20,000 ಲೀಟರ್. ಐದು ಜನರ ಮನೆಗೆ ತಲಾ 55 ಲೀಟರ್‌ನಂತೆ ಫೆಬ್ರವರಿಯಿಂದ ಮೇವರೆಗಿನ 120 ದಿನಕ್ಕೆ ಬೇಕಾಗುವುದು 33,000 ಲೀಟರ್. ಅಂದರೆ ಮಾಡಿನ ಮೇಲೆ ಬಿದ್ದದ್ದರ ಹತ್ತನೇ ಒಂದು ಪಾಲು ಸಾಕು. ಕುಡಿಯುವ ನೀರಿಗೆ ನಮ್ಮಲ್ಲಿ ಮಳೆ ಯಾವತ್ತೂ ಕಡಿಮೆಯಿಲ್ಲ. ಅಡಿಕೆ ತೋಟಕ್ಕೆ ಮತ್ತು ಪೇಟೆಗಳಿಗೆ ಸೇರಿಸಿ ಲೆಕ್ಕ ಹಾಕಿದಾಗ ಮಾತ್ರ ಹೊಳೆಯ ಮೇಲೆ ಕಟ್ಟಬೇಕಾಗುತ್ತದೆ.

ಹಣದ ಆರು ಜೇಬುಗಳು

“ಸರ್ಕಾರ ಕಟ್ಟಿಸಿತು” ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಸರ್ಕಾರಕ್ಕೆ ಜೇಬು ಒಂದಲ್ಲ. ಯಾವ ಜೇಬಿನಿಂದ ಹಣ ಬಂತು ಎಂಬುದರ ಮೇಲೆ ಏನು ಕಟ್ಟಬಹುದು, ಯಾರು ಕಟ್ಟಬೇಕು, ಆಮೇಲೆ ಯಾರು ನೋಡಿಕೊಳ್ಳಬೇಕು ಎಲ್ಲವೂ ನಿರ್ಧಾರವಾಗುತ್ತದೆ.

1. ರಾಜ್ಯ ಬಜೆಟ್ ಮತ್ತು ನಬಾರ್ಡ್ ಸಾಲ

ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳನ್ನು ಹೆಚ್ಚಾಗಿ ಕಟ್ಟಿಸುವುದು ರಾಜ್ಯದ ಸಣ್ಣ ನೀರಾವರಿ ಇಲಾಖೆ. ಕರಾವಳಿಯ ಹೊಳೆಗಳಿಗಾಗಿಯೇ ರೂಪಿಸಿದ ಪಶ್ಚಿಮ ವಾಹಿನಿ ಯೋಜನೆಯೂ ಇದೇ ಇಲಾಖೆಯದು. ಬಂಟ್ವಾಳದ ಜಕ್ರಿಬೆಟ್ಟುವಿನಲ್ಲಿ ನೇತ್ರಾವತಿಗೆ ಅಡ್ಡಲಾಗಿ ಕೈಗೆತ್ತಿಕೊಂಡ ಅಣೆಕಟ್ಟು ಇದೇ ಸಾಲಿಗೆ ಸೇರುತ್ತದೆ.

ರಾಜ್ಯದ ಬಳಿ ತೆರಿಗೆ ಹಣ ಸಾಲದಿದ್ದಾಗ ಇಂಥ ಕಾಮಗಾರಿಗಳಿಗೆ ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯಿಂದ ಸಾಲ ತೆಗೆಯಬಹುದು. ಈ ನಿಧಿಯ ಕಥೆ ಕುತೂಹಲಕರ. ಬ್ಯಾಂಕುಗಳು ತಮ್ಮ ಸಾಲದ ಒಂದು ಪಾಲನ್ನು ಕೃಷಿಯಂಥ ಆದ್ಯತಾ ವಲಯಕ್ಕೆ ಕೊಡಲೇಬೇಕು ಎಂಬ ನಿಯಮವಿದೆ. ಆ ಗುರಿ ಮುಟ್ಟದ ಬ್ಯಾಂಕುಗಳು ಕೊರತೆಯ ಹಣವನ್ನು ಠೇವಣಿಯಾಗಿ ಇಡಬೇಕು. 1995-96ರಲ್ಲಿ 2,000 ಕೋಟಿ ರೂಪಾಯಿಯೊಂದಿಗೆ ಶುರುವಾದ ಈ ನಿಧಿಗೆ ಹಣ ಬರುವುದೇ ಹಾಗೆ. ರಾಜ್ಯ ಸರ್ಕಾರ ಇದನ್ನು ಎರಡು ವರ್ಷದ ವಿರಾಮವೂ ಸೇರಿ ಏಳು ವರ್ಷದೊಳಗೆ ಬಡ್ಡಿ ಸಮೇತ ತೀರಿಸಬೇಕು. ಅಂದರೆ ಇಂಥ ಸಾಲದಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ನಿಮ್ಮ ಬ್ಯಾಂಕ್ ಠೇವಣಿಯೂ ಇರುತ್ತದೆ, ಮುಂದೆ ನೀವು ಕಟ್ಟುವ ತೆರಿಗೆಯೂ ಇರುತ್ತದೆ.

2. ಉದ್ಯೋಗ ಖಾತರಿ

ಬೆಳ್ತಂಗಡಿ, ಬಂಟ್ವಾಳದ ಹಳ್ಳಿಗಳಲ್ಲಿ ತೆರೆದ ಬಾವಿ, ಇಂಗುಗುಂಡಿ, ಸಣ್ಣ ಕಟ್ಟ, ಕೆರೆ ಹೂಳೆತ್ತುವ ಕೆಲಸಗಳಿಗೆ ಹೆಚ್ಚು ನೆರವಾದದ್ದು 2005ರ ಉದ್ಯೋಗ ಖಾತರಿ ಕಾಯ್ದೆ. ಅದರ ನಿಯಮದಲ್ಲಿ ಕೂಲಿಯ ಪೂರ್ತಿ ಹಣ ಕೇಂದ್ರದ್ದು. ಸಾಮಗ್ರಿಯ ಹಣದಲ್ಲಿ ಮುಕ್ಕಾಲು ಪಾಲು ಕೇಂದ್ರ, ಕಾಲು ಪಾಲು ರಾಜ್ಯ. ಒಟ್ಟು ಖರ್ಚಿನಲ್ಲಿ ಕನಿಷ್ಠ ಶೇ 60 ಕೂಲಿಗೇ ಹೋಗಬೇಕು, ಗುತ್ತಿಗೆದಾರರು ಇರಬಾರದು, ಆಳಿನ ಕೆಲಸ ಕಸಿಯುವ ಯಂತ್ರ ಬಳಸಬಾರದು.

ಈ ನಿಯಮದಿಂದಲೇ ಒಂದು ವಿಚಾರ ಅರ್ಥವಾಗುತ್ತದೆ. ಬಾವಿ ತೋಡುವುದು ಕೈಕೆಲಸ, ಹಾಗಾಗಿ ಈ ಹಣಕ್ಕೆ ಹೊಂದುತ್ತದೆ. ದೊಡ್ಡ ಕಾಂಕ್ರೀಟ್ ಅಣೆಕಟ್ಟಿಗೆ ಸಿಮೆಂಟು, ಕಬ್ಬಿಣ, ಯಂತ್ರವೇ ಹೆಚ್ಚು, ಹಾಗಾಗಿ ಹೊಂದುವುದಿಲ್ಲ. “ಪಂಚಾಯಿತಿಯಲ್ಲಿ ಬಾವಿಗೆ ಹಣವಿದೆ, ಅಣೆಕಟ್ಟಿಗೆ ಇಲ್ಲ ಅಂದರೆ ಏನರ್ಥ?” ಎಂಬ ಸಿಟ್ಟಿಗೆ ಉತ್ತರ ಇಲ್ಲಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಕೆಲಸದ ದಿನ 125ಕ್ಕೆ ಏರಿದೆ, ನೀರಿನ ಭದ್ರತೆಯ ಕಾಮಗಾರಿಗಳಿಗೆ ಆದ್ಯತೆ ಇದೆ. ಆದರೆ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರ ಮತ್ತು ರಾಜ್ಯದ ಪಾಲು 60:40. ಅಂದರೆ ರಾಜ್ಯದ ಖಜಾನೆಯ ಮೇಲಿನ ಹೊರೆ ಮೊದಲಿಗಿಂತ ಹೆಚ್ಚು.

3. ಹಣಕಾಸು ಆಯೋಗದ ಅನುದಾನ

ಇದು ಗ್ರಾಮ ಪಂಚಾಯಿತಿಯ ಖಾತೆಗೆ ಬರುವ ಹಣ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ಇದರಲ್ಲಿ ಶೇ 60 ನಿರ್ಬಂಧಿತ: ಶೇ 30 ನೈರ್ಮಲ್ಯಕ್ಕೆ, ಶೇ 30 ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ನೀರಿನ ಪಾಲನ್ನು ರಸ್ತೆಗೋ ಸಭಾಭವನಕ್ಕೋ ತಿರುಗಿಸುವಂತಿಲ್ಲ. ಎಲ್ಲಿ ಖರ್ಚು ಮಾಡಬೇಕು ಎಂಬುದು “ನಮ್ಮ ಗ್ರಾಮ ನಮ್ಮ ಯೋಜನೆ” ತಯಾರಿಸುವಾಗ ಗ್ರಾಮಸಭೆಯಲ್ಲಿ ತೀರ್ಮಾನವಾಗಬೇಕು. ಮೊತ್ತ ಚಿಕ್ಕದಾದರೂ ಊರಿನವರ ಮಾತಿಗೆ ಅತಿ ಹತ್ತಿರವಿರುವ ಜೇಬು ಇದು.

4. ಜಲ ಜೀವನ್ ಮಿಷನ್

2019ರ ಆಗಸ್ಟ್ 15ರಂದು ಘೋಷಣೆಯಾದ ಈ ಯೋಜನೆ ಕರ್ನಾಟಕದಲ್ಲಿ “ಮನೆ ಮನೆಗೆ ಗಂಗೆ” ಎಂದೂ ಪರಿಚಿತ. ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಣ ಹಾಕುತ್ತವೆ. ತಲಾ ದಿನಕ್ಕೆ 55 ಲೀಟರ್ ಕೊಡುವುದು ಗುರಿ. ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಶೇ 10ನ್ನು ಊರಿನವರು ಹಣ, ಸಾಮಗ್ರಿ ಅಥವಾ ಶ್ರಮದ ರೂಪದಲ್ಲಿ ಕೊಡಬೇಕು. ಗುಡ್ಡಗಾಡು, ಅರಣ್ಯ ಪ್ರದೇಶ ಮತ್ತು ಪರಿಶಿಷ್ಟರು ಹೆಚ್ಚಿರುವ ಗ್ರಾಮಗಳಲ್ಲಿ ಇದು ಶೇ 5. ಇಲ್ಲಿ ಗಮನಿಸಬೇಕಾದದ್ದು: ಈ ಹಣದ ಗುರಿ ನಲ್ಲಿ. ನಲ್ಲಿಯ ಹಿಂದಿನ ನೀರಿನ ಮೂಲವನ್ನು ಬಲಪಡಿಸುವ ಕೆಲಸಕ್ಕೆ ಉದ್ಯೋಗ ಖಾತರಿ, ಹಣಕಾಸು ಆಯೋಗದಂಥ ಬೇರೆ ಹಣವನ್ನು ಜೋಡಿಸಿಕೊಳ್ಳಬೇಕು. ಜೋಡಣೆ ಆಗದಿದ್ದರೆ ಕೊಳವೆ ಇರುತ್ತದೆ, ಏಪ್ರಿಲ್‌ನಲ್ಲಿ ನೀರಿರುವುದಿಲ್ಲ.

5. ನಗರದ ಹಣ, ಹಳ್ಳಿಯ ಹೊಳೆ

ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟು ಇರುವುದು ಬಂಟ್ವಾಳ ತಾಲ್ಲೂಕಿನಲ್ಲಿ. ಹಳೆಯದರ ಎತ್ತರ 4 ಮೀಟರ್. ಹೊಸದನ್ನು 7 ಮೀಟರ್‌ಗೆ ವಿನ್ಯಾಸ ಮಾಡಲಾಗಿದೆ. ಮಂಗಳೂರು ಸೇರಿದಂತೆ ಕರಾವಳಿ ಪಟ್ಟಣಗಳ ನೀರು ಮತ್ತು ಒಳಚರಂಡಿ ಕಾಮಗಾರಿಗಳಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲವನ್ನೂ ಬಳಸಲಾಗಿದೆ. ಇಂಥ ಸಾಲದ ಹಿಂದೆ ನಗರದ ನೀರಿನ ಬಿಲ್ಲು, ತೆರಿಗೆ ಇರುತ್ತದೆ.

ಆದರೆ ಸಂಗ್ರಹದ ಬೆಲೆ ಸಿಮೆಂಟಿನದ್ದು ಮಾತ್ರವಲ್ಲ. ನೀರಿನ ಮಟ್ಟ ಒಂದು ಮೀಟರ್ ಏರಿದರೆ ಹಿನ್ನೀರಿನಲ್ಲಿ ಯಾರದ್ದೋ ತೋಟ ಮುಳುಗುತ್ತದೆ. ತುಂಬೆಯ ವಿಷಯದಲ್ಲಿ ಮುಳುಗಡೆ ಜಮೀನಿನ ಪರಿಹಾರ ವರ್ಷಗಟ್ಟಲೆ ಚರ್ಚೆಯಲ್ಲಿದ್ದ ಪ್ರಶ್ನೆ. ಯೋಜನಾ ವೆಚ್ಚದಲ್ಲಿ ಈ ಬಾಬನ್ನು ಮೊದಲೇ ಸೇರಿಸದಿದ್ದರೆ, ಕಟ್ಟಿ ಮುಗಿದ ಅಣೆಕಟ್ಟಿನಲ್ಲೂ ಪೂರ್ತಿ ಮಟ್ಟಕ್ಕೆ ನೀರು ನಿಲ್ಲಿಸಲು ಆಗುವುದಿಲ್ಲ. ಮೂಡುಬಿದಿರೆ ಪೇಟೆಯದ್ದೂ ಚಿಕ್ಕ ಅಳತೆಯಲ್ಲಿ ಇದೇ ಬಗೆ: ಅದಕ್ಕೆ ನೀರು ಬರುವುದು ಪುಚ್ಚಮೊಗರಿನಲ್ಲಿ ಫಲ್ಗುಣಿ ಹೊಳೆಯಿಂದ.

6. ಜನರ ಹಣ, ಜನರ ಬೆವರು

ಹಿಂದೆ ತೋಡಿನ ಕಟ್ಟಕ್ಕೆ ಸರ್ಕಾರದ ಕಡತ ಇರಲಿಲ್ಲ. ಕಲ್ಲು, ಮಣ್ಣು, ಅಡಿಕೆ ಮರದ ಸಲಕೆಗಳಿಂದ ತೋಟದವರೇ ಸೇರಿ ಮಳೆ ನಿಂತ ಮೇಲೆ ಕಟ್ಟುತ್ತಿದ್ದರು. ಮುಂದಿನ ಮಳೆಗೆ ಅದು ಕೊಚ್ಚಿಹೋದರೂ ಚಿಂತೆಯಿರಲಿಲ್ಲ. ಹಣದ ಬದಲು ಶ್ರಮವೇ ಬಂಡವಾಳ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು, ಹಲವು ಸಲ ವಿಫಲವಾದರೂ ಬಿಡದೆ, ಬೋಳುಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸರ್ಕಾರದ ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣದ ಹೂಡಿಕೆ ಇದು.

1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ “ನಮ್ಮೂರು ನಮ್ಮ ಕೆರೆ” ಕಾರ್ಯಕ್ರಮ ಇನ್ನೊಂದು ಮಾದರಿ. ಇಲ್ಲಿ ಸಂಸ್ಥೆಯ ಹಣದ ಜೊತೆಗೆ ಊರಿನ ಕೆರೆ ಸಮಿತಿಯೂ ಕೈಜೋಡಿಸುತ್ತದೆ. ಹೂಳನ್ನು ರೈತರು ತಮ್ಮ ಹೊಲಕ್ಕೆ ಒಯ್ಯುವುದರಿಂದ ಸಾಗಣೆಯ ಖರ್ಚು ಉಳಿಯುತ್ತದೆ.

ಮೂರು ತಪ್ಪು ನಂಬಿಕೆಗಳು

ನಂಬಿಕೆ: “ಸರ್ಕಾರದ ಯೋಜನೆ, ಹಾಗಾಗಿ ಉಚಿತ.”

ವಾಸ್ತವ: ಅನುದಾನವಾದರೆ ಇವತ್ತಿನ ತೆರಿಗೆ, ಸಾಲವಾದರೆ ನಾಳಿನ ತೆರಿಗೆ. ಎರಡೂ ನಮ್ಮದೇ.

ನಂಬಿಕೆ: “ನೀರು ಎತ್ತುವವರೇ ತುಂಬಿಸುವ ಖರ್ಚನ್ನೂ ಕೊಡುತ್ತಾರೆ.”

ವಾಸ್ತವ: ಅರಿಜೋನಾದಲ್ಲಿ ಅಂತರ್ಜಲ ಎತ್ತಿದ್ದಕ್ಕೆ ಶುಲ್ಕವಿದೆ, ಅದರ ಒಂದು ಪಾಲು ಮತ್ತೆ ತುಂಬಿಸಲು ಹೋಗುತ್ತದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಅದು ರೈತರಿಗೆ ಬೇಕಾದ ನೆರವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಖಾತೆಯಿಂದ ತೆಗೆಯಲು ಸಹಾಯಧನ ತಾನಾಗಿ ಸಿಗುತ್ತದೆ, ಜಮಾ ಮಾಡಲು ಮಾತ್ರ ಪ್ರತಿ ಸಲ ಯೋಜನೆ, ಅರ್ಜಿ, ಮಂಜೂರಾತಿ ಬೇಕು. ಈ ಅಸಮತೋಲನವನ್ನು ಮರೆಯಬಾರದು.

ನಂಬಿಕೆ: “ಅಣೆಕಟ್ಟು ಕಟ್ಟಿದರೆ ನೀರು ನಿಲ್ಲುತ್ತದೆ.”

ವಾಸ್ತವ: ನಿಲ್ಲುವುದು ಹಲಗೆ ಹಾಕಿದರೆ ಮಾತ್ರ. ಈ ಮೂರನೆಯದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಲಗೆಗೆ ಹಣ ಯಾರದ್ದು?

ಕಿಂಡಿ ಅಣೆಕಟ್ಟಿನ ತತ್ವವೇ ಋತುವಿಗೆ ತಕ್ಕಂತೆ ಮುಚ್ಚಿ ತೆರೆಯುವುದು. ಮಳೆಗಾಲದಲ್ಲಿ ಕಿಂಡಿಗಳು ತೆರೆದಿರಬೇಕು, ಇಲ್ಲವಾದರೆ ನೆರೆ ನೀರು ದಡ ಕೊರೆಯುತ್ತದೆ, ಹೂಳು ತುಂಬುತ್ತದೆ. ಮಳೆ ಕಡಿಮೆಯಾದ ಮೇಲೆ, ಹೊಳೆಯಲ್ಲಿ ಇನ್ನೂ ಹರಿವು ಇರುವಾಗಲೇ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ಮುಚ್ಚಬೇಕು. ಮುಂದಿನ ಮಳೆಗೆ ಮೊದಲು ತೆಗೆದು ಒಣಗಿಸಿ ಒಳಗಿಡಬೇಕು. ಒಂದು ತಿಂಗಳು ತಡವಾದರೆ ನಿಲ್ಲಿಸಲು ಹರಿವೇ ಇರುವುದಿಲ್ಲ. ಮರದ ಹಲಗೆ ಕೆಲವು ವರ್ಷಕ್ಕೆ ಕುಂಬಾಗುತ್ತದೆ. ಹಾಗಾಗಿ ಈಗ ಹಲವೆಡೆ ಫೈಬರ್ ಹಲಗೆ ಅಥವಾ ಯಾಂತ್ರಿಕ ಗೇಟು ಬಂದಿದೆ. ಅದಕ್ಕೂ ರಿಪೇರಿ ತಪ್ಪಿದ್ದಲ್ಲ.

ಈಗ ಮೇಲಿನ ಆರು ಜೇಬುಗಳನ್ನು ಮತ್ತೆ ನೋಡಿ. ಮೊದಲ ಐದೂ ಹೆಚ್ಚಾಗಿ ಕಟ್ಟುವ ಹಣ. ಕಟ್ಟಿದ್ದಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಫಲಕ ಇದೆ. ಹಲಗೆ ಹಾಕುವುದಕ್ಕೆ ಇವು ಯಾವುವೂ ಇಲ್ಲ. ಗುತ್ತಿಗೆದಾರರ ನಿರ್ವಹಣಾ ಅವಧಿ ಮುಗಿದ ಮೇಲೆ ಇಲಾಖೆ ಪಂಚಾಯಿತಿಯತ್ತ, ಪಂಚಾಯಿತಿ ಬಳಕೆದಾರರತ್ತ ಬೆರಳು ತೋರಿಸಿದರೆ ಆ ವರ್ಷದ ಜಮಾ ತಪ್ಪಿಹೋಗುತ್ತದೆ. ನಮ್ಮದು ವರ್ಷವರ್ಷ ತುಂಬಿಸಬೇಕಾದ ಖಾತೆ ಎಂದು ಮೊದಲೇ ಹೇಳಿದ್ದು ಇದಕ್ಕೇ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ತುಂಬಿಸದಿದ್ದರೂ ಹಳೆಯ ಠೇವಣಿ ಇರುತ್ತದೆ. ಇಲ್ಲಿ ಒಂದು ನವೆಂಬರ್ ತಪ್ಪಿದರೆ ಮುಂದಿನ ಏಪ್ರಿಲ್ ಖಾಲಿ.

ಹಿಂದಿನವರಿಗೆ ಇದು ಗೊತ್ತಿತ್ತು. ಕರ್ನಾಟಕದ ಹಳೆಯ ಶಾಸನಗಳಲ್ಲಿ “ಬಿತ್ತುವಟ್ಟ” ಎಂಬ ಪದ ಬರುತ್ತದೆ. ಕೆರೆಯ ನೀರಿನಿಂದ ಬೆಳೆಯುವ ಗದ್ದೆಯ ಹುಟ್ಟುವಳಿಯಲ್ಲಿ ಒಂದು ಪಾಲನ್ನು ಅದೇ ಕೆರೆಯ ದುರಸ್ತಿಗೆ ಬಿಡುವ ವ್ಯವಸ್ಥೆ ಅದು. ಕೆರೆ ನೋಡಿಕೊಳ್ಳುವವನಿಗೆ ಕೊಡುವ ಜಮೀನನ್ನು “ಕೆರೆಗೊಡಗೆ” ಎನ್ನುತ್ತಿದ್ದರು. ಕಟ್ಟಿಸಿದ ದಿನವೇ ನಿರ್ವಹಣೆಯ ಆದಾಯವನ್ನೂ ಕಟ್ಟಿಡುತ್ತಿದ್ದರು. ಹದಿನೆಂಟು ಬಸದಿ, ಹದಿನೆಂಟು ಕೆರೆಗಳ ಊರೆಂದು ಹೆಸರಾದ ಮೂಡುಬಿದಿರೆಯಲ್ಲಿ ಕಡಲಕೆರೆಯಂಥ ಕೆರೆಗಳು ಇಂದೂ ಜನರ ಬಳಕೆಯಲ್ಲಿವೆ. ಕೆರೆ ಉಳಿಯುವುದು ಬಳಸುವವರು, ನೋಡಿಕೊಳ್ಳುವವರು ಇದ್ದಾಗಲೇ.

ಇಂದಿನ ನಿಯಮಗಳಲ್ಲೂ ಈ ಯೋಚನೆ ಅಲ್ಲಲ್ಲಿ ಇದೆ. ಜಲಾನಯನ ಯೋಜನೆಗಳ 2008ರ ಮಾರ್ಗಸೂಚಿಯಲ್ಲಿ ಖಾಸಗಿ ಜಮೀನಿನ ಕಾಮಗಾರಿಗೆ ಫಲಾನುಭವಿಗಳು ಶೇ 10, ಪರಿಶಿಷ್ಟರು ಮತ್ತು ಸಣ್ಣ ರೈತರು ಶೇ 5 ವಂತಿಗೆ ಕೊಟ್ಟು, ಅದು ಯೋಜನೆ ಮುಗಿದ ಮೇಲಿನ ನಿರ್ವಹಣಾ ನಿಧಿಯಾಗಬೇಕು ಎಂದಿದೆ. ಕಿಂಡಿ ಅಣೆಕಟ್ಟಿಗೂ ಇದೇ ರೀತಿ ಬಳಕೆದಾರರ ಸಮಿತಿ ಮತ್ತು ಚಿಕ್ಕ ನಿಧಿ ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಅಣೆಕಟ್ಟು ಕಟ್ಟುವ ಕೋಟಿಗಳ ಮುಂದೆ ಹಲಗೆಯ ಖರ್ಚು ತೀರಾ ಚಿಕ್ಕದು. ಆ ಚಿಕ್ಕ ಖರ್ಚು ಇಲ್ಲದಿದ್ದರೆ ಕೋಟಿಯೂ ವ್ಯರ್ಥ.

ನೀವು ಏನು ಮಾಡಬಹುದು?

ಗ್ರಾಮಸಭೆಯಲ್ಲಿ “ನಮ್ಮೂರಿಗೆ ನೀರು ಕೊಡಿ” ಎಂದರೆ ಭರವಸೆ ಸಿಗುತ್ತದೆ. ಜೇಬಿನ ಹೆಸರು ಹಿಡಿದು ಕೇಳಿದರೆ ಉತ್ತರ ಸಿಗುತ್ತದೆ. ಈ ಪ್ರಶ್ನೆಗಳನ್ನು ಕೇಳಿ ನೋಡಿ:

• ಹಣಕಾಸು ಆಯೋಗದ ಅನುದಾನದಲ್ಲಿ ನೀರಿಗೆ ಮೀಸಲಾದ ಪಾಲು ಈ ವರ್ಷ ಎಷ್ಟು, ಯಾವ ಕಾಮಗಾರಿಗೆ ಹೋಯಿತು? ಪಂಚಾಯಿತಿಗಳ ಯೋಜನೆ ಮತ್ತು ಖರ್ಚಿನ ವಿವರ ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

• ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಎಷ್ಟು ಕಿಂಡಿ ಅಣೆಕಟ್ಟುಗಳಿವೆ? ಅವುಗಳಲ್ಲಿ ಕಳೆದ ವರ್ಷ ಹಲಗೆ ಹಾಕಿದ್ದು ಎಷ್ಟಕ್ಕೆ, ಯಾವ ತಿಂಗಳಲ್ಲಿ?

• ಪ್ರತಿ ಅಣೆಕಟ್ಟಿನ ನಿರ್ವಹಣೆ ಈಗ ಯಾರ ಹೆಸರಿನಲ್ಲಿದೆ: ಇಲಾಖೆಯೋ, ಗುತ್ತಿಗೆದಾರರೋ, ಪಂಚಾಯಿತಿಯೋ? ಬಾಯಿಮಾತು ಸಾಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು.

• ನಲ್ಲಿ ಯೋಜನೆಯ ನೀರಿನ ಮೂಲ ಯಾವುದು, ಅದನ್ನು ತುಂಬಿಸಲು ಯಾವ ಹಣ ಜೋಡಿಸಲಾಗಿದೆ?

ಇಂಗುಗುಂಡಿ ಮಾಡುವವರಿಗೆ ಒಂದು ಎಚ್ಚರಿಕೆ. ಕಡಿದಾದ ಇಳಿಜಾರಿನಲ್ಲಿ, ಗುಡ್ಡ ಕಡಿದು ಮನೆ ಕಟ್ಟಿದ ಜಾಗದ ಮೇಲ್ಭಾಗದಲ್ಲಿ ನೀರು ಇಂಗಿಸುವುದು ಅಪಾಯ. ನೀರು ಕುಡಿದ ಮಣ್ಣು ಭಾರವಾಗಿ ಜಾರಬಹುದು. ಸಮತಟ್ಟಾದ ಪದವು ಪ್ರದೇಶ, ತೋಟದ ಅಂಚು, ಬಾವಿಯ ಹತ್ತಿರದ ಜಾಗ ಸೂಕ್ತ.

ಈ ಪ್ರಶ್ನೆಗಳನ್ನು ಕೇಳಲು ಸರಿಯಾದ ಕಾಲ ಏಪ್ರಿಲ್ ಅಲ್ಲ. ಆಗ ಟ್ಯಾಂಕರ್ ಬಿಟ್ಟು ಬೇರೆ ದಾರಿ ಇರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಹೊಳೆ ಇನ್ನೂ ತುಂಬಿ ಹರಿಯುತ್ತಿರುವಾಗ, ಹಲಗೆಗಳು ಎಲ್ಲಿವೆ ಎಂದು ಕೇಳಿ.